ಕಾಲು ಡಾಲರಿನ ಚಿತ್ರ

ಮೊದಲೇ ತೆಗೆದಿಟ್ಟು, ಕೇಳಿದವರಿಗೆ ಬಳಕೆಯ ಹಕ್ಕನ್ನು ಮಾರುವ ಫೋಟೋಕ್ಕೆ ಸ್ಟಾಕ್ ಫೋಟೋ ಎಂದು ಹೆಸರು. ಹೆಡ್‌ಸೆಟ್ ತೊಟ್ಟು ಸುಮ್ಮಸುಮ್ಮನೆ ನಗುವ ಯುವತಿ, ಕೈಕುಲುಕುವ ಕೋಟುಧಾರಿಗಳು, ಇವರೆಲ್ಲ ಅಲ್ಲಿಂದಲೇ ಬಂದವರು. 1990ರ ದಶಕದಲ್ಲಿ ಇದು ದುಡ್ಡಿದ್ದವರ ಬಾಬತ್ತಾಗಿತ್ತು. ಏಜೆನ್ಸಿಯ ದಪ್ಪ ಕ್ಯಾಟಲಾಗ್ ತಿರುವಬೇಕು. ಚಿತ್ರ ಎಲ್ಲಿ, ಎಷ್ಟು ದೊಡ್ಡದಾಗಿ, ಎಷ್ಟು ಪ್ರತಿಗಳಲ್ಲಿ ಅಚ್ಚಾಗುತ್ತದೆಂದು ಹೇಳಬೇಕು. ಅದರ ಮೇಲೆ ದರ. ಒಂದಕ್ಕೆ ನೂರಾರು ಡಾಲರ್ ತೆರುವುದು ಸಾಮಾನ್ಯವಾಗಿತ್ತು.

2000ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೂಸ್ ಲಿವಿಂಗ್‌ಸ್ಟನ್ ಐಸ್ಟಾಕ್‌ಫೋಟೋ ಶುರುಮಾಡಿದಾಗ ಅದು ಅಂಗಡಿಯಾಗಿರಲಿಲ್ಲ. ತಾವು ತೆಗೆದ ಚಿತ್ರಗಳನ್ನು ಪುಕ್ಕಟೆಯಾಗಿ ಹಂಚಿದರು. ಉಳಿದ ವಿನ್ಯಾಸಕಾರರೂ ತಮ್ಮವನ್ನು ತಂದು ಸೇರಿಸಿದರು. ನಮ್ಮ ಹಳ್ಳಿಗಳಲ್ಲಿ ನಾಟಿಗೆ ಮುಯ್ಯಾಳು ಹೋಗುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ: ಇವತ್ತು ನಿನ್ನ ಗದ್ದೆ, ನಾಳೆ ನನ್ನದು.

ಆದರೆ ಸರ್ವರ್ ನಡೆಸುವ ಕಸುಬಿನ ನಮಗೆ ಗೊತ್ತು, ಜನ ಇಳಿಸಿಕೊಂಡಷ್ಟೂ ಬ್ಯಾಂಡ್‌ವಿಡ್ತ್ ಬಿಲ್ಲು ಏರುತ್ತದೆ. ಅದನ್ನು ತುಂಬಿಸಲು ಒಂದೆರಡು ವರ್ಷದಲ್ಲೇ ಚಿತ್ರಕ್ಕೆ 25 ಸೆಂಟು ಇಟ್ಟರು. ಗಮನಿಸಿ, ಛಾಯಾಗ್ರಾಹಕನ ದುಡಿಮೆಯನ್ನು ಅಳೆದು ಕಟ್ಟಿದ ಬೆಲೆಯಲ್ಲ ಇದು. ಸಾಗಾಟದ ಖರ್ಚಷ್ಟೇ. ಅದೇ ಮುಂದೆ ಮಾರುಕಟ್ಟೆಯ ದರವಾಯಿತು ಎಂಬುದೇ ಈ ಇತಿಹಾಸದ ವಿಚಿತ್ರವೆಂದು ನಮಗನ್ನಿಸುತ್ತದೆ.

ಕ್ಯಾಮೆರಾವೂ ಕೂಡಿಬಂತು. 2003ರಲ್ಲಿ ಕ್ಯಾನನ್‌ನ ಡಿಜಿಟಲ್ ಎಸ್‌ಎಲ್‌ಆರ್ ಸಾವಿರ ಡಾಲರಿಗಿಂತ ಕಡಿಮೆಗೆ ಸಿಕ್ಕಿತು, ಫಿಲ್ಮಿನ ಖರ್ಚಿಲ್ಲ. ಅದೇ ವರ್ಷ ನ್ಯೂಯಾರ್ಕಿನ ಜಾನ್ ಓರಿಂಜರ್ (ಪ್ರೋಗ್ರಾಮರ್, ನಮ್ಮ ಜಾತಿಯವರೇ ಎನ್ನಿ!) ತಾವೇ ತೆಗೆದ ಸುಮಾರು 30,000 ಚಿತ್ರಗಳಿಂದ ಶಟರ್‌ಸ್ಟಾಕ್ ತೆರೆದು, ತಿಂಗಳ ಚಂದಾ ಪದ್ಧತಿ ತಂದರು.

2006ರಲ್ಲಿ ದೊಡ್ಡ ಏಜೆನ್ಸಿ ಗೆಟ್ಟಿ ಇಮೇಜಸ್ 5 ಕೋಟಿ ಡಾಲರ್ ಕೊಟ್ಟು ಐಸ್ಟಾಕ್‌ಫೋಟೋವನ್ನು ಕೊಂಡಿತು. ಅದೇ ವರ್ಷ ವೈರ್ಡ್ ಪತ್ರಿಕೆಯಲ್ಲಿ ಜೆಫ್ ಹೌ 'ಕ್ರೌಡ್‌ಸೋರ್ಸಿಂಗ್' ಎಂಬ ಪದವನ್ನು ಜನಪ್ರಿಯಗೊಳಿಸಿದರು. ಅವರ ಲೇಖನ ಶುರುವಾಗುವುದೇ ಒಂದು ಚಿತ್ರದ ವ್ಯಾಪಾರದಿಂದ. ವೃತ್ತಿಪರ ಛಾಯಾಗ್ರಾಹಕರೊಬ್ಬರು ರಿಯಾಯಿತಿ ಮಾಡಿ ಚಿತ್ರಕ್ಕೆ 100ರಿಂದ 150 ಡಾಲರ್ ಎಂದರೆ, ಮ್ಯೂಸಿಯಂ ಯೋಜನೆಯವರು ಐಸ್ಟಾಕ್‌ನಲ್ಲಿ ಒಂದೊಂದು ಡಾಲರಿಗೆ ಚಿತ್ರ ಕಂಡುಕೊಂಡಿದ್ದರು. ಆ ಛಾಯಾಗ್ರಾಹಕರ ಕೈಚಳಕ ಕಡಿಮೆಯಾಗಿರಲಿಲ್ಲ. ಅವರಿಗೆ ಮನೆ ನಡೆಸಬೇಕಿತ್ತು, ಅಷ್ಟೇ. ಹವ್ಯಾಸಿಗೆ ಸಂಬಳ ಬೇರೆಡೆಯಿಂದ ಬರುತ್ತಿತ್ತು.

ಆ ಹವ್ಯಾಸಿಗಳ ಪಾಲಾದರೂ ಉಳಿಯಿತೇ? 2010ರಲ್ಲಿ ಐಸ್ಟಾಕ್‌ಫೋಟೋ ಬದಲಿಸಿದ ನಿಯಮಗಳಲ್ಲಿ, ಅಲ್ಲಿಗೇ ಮೀಸಲಾಗದ ಛಾಯಾಗ್ರಾಹಕರ ಪಾಲು ಶೇ. 15ರವರೆಗೆ ಇಳಿಯಬಹುದಿತ್ತು. ಮುಯ್ಯಾಳು ಬಂದವರೇ ಕೂಲಿಯಾಳುಗಳಾದರು. 2022ರಲ್ಲಿ, ಕೃತಕ ಬುದ್ಧಿಮತ್ತೆಗೆ ಪಾಠವಾಗಿ ಬಳಕೆಯಾದ ಚಿತ್ರಗಳಿಗೆ ಪ್ರತಿಫಲವೆಂದು ಶಟರ್‌ಸ್ಟಾಕ್ ಒಂದು ನಿಧಿ ಘೋಷಿಸಿತು. ಚಿತ್ರ ತೆಗೆದವರಿಗೆ ಅದರಿಂದಲೂ ಪಾಲಿದೆ. ಎಷ್ಟೆಂದು ಕಟ್ಟುವುದು ಮಾತ್ರ ಕಂಪನಿ.