ರಕ್ತದ ಹನಿಯಲ್ಲೊಂದು ಧೂಮಕೇತು

ಪೊನ್ನಂಪೇಟೆ ಸುತ್ತಿನ ಹಿರಿಯ ಕಾಫಿ ಬೆಳೆಗಾರರಿಗೆ ಲಿಂಡೇನ್ ಅಪರಿಚಿತ ಹೆಸರಲ್ಲ. ಅರೇಬಿಕಾ ಗಿಡವನ್ನು ಒಳಗಿನಿಂದ ತಿಂದು ಒಣಗಿಸುವ ಬಿಳಿ ಕಾಂಡಕೊರಕವನ್ನು ತಡೆಯಲು ಈ ಕೀಟನಾಶಕವನ್ನು ನೀರಿಗೆ ಬೆರೆಸಿ ಕಾಂಡಕ್ಕೆ ಬಳಿಯುವ ಪದ್ಧತಿ ನಮ್ಮ ಕಾಫಿ ಸೀಮೆಯಲ್ಲಿ ಬಹುಕಾಲ ಇತ್ತು. 2009ರಲ್ಲಿ ಲಿಂಡೇನ್ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು. 2013ರಲ್ಲಿ ಭಾರತದಲ್ಲಿ ಅದರ ಬಳಕೆಗೆ ತೆರೆಬಿತ್ತು. ಔಷಧಿಯೇನೋ ಹೋಯಿತು. ಆದರೆ ಅದನ್ನು ಬಳಿದ ಕೂಲಿಯಾಳಿನ ಮೈಯೊಳಗೆ ಏನು ಉಳಿಯಿತು?

ರಾಸಾಯನಿಕವೊಂದು ಜೀವಕೋಶದ ಒಳಗಿನ ವಂಶವಾಹಿಯನ್ನೇ ಕೆಡಿಸಬಲ್ಲದು ಎಂಬ ಅರಿವು ಮೂಡಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಹಿಟ್ಲರನ ಜರ್ಮನಿ ತೊರೆದು ಎಡಿನ್‌ಬರೋ ಸೇರಿದ್ದ ಯೆಹೂದಿ ವಿಜ್ಞಾನಿ ಶಾರ್ಲೊಟ್ ಆವರ್‌ಬಾಕ್, ಜೆ.ಎಂ. ರಾಬ್ಸನ್ ಅವರೊಡನೆ ಹಣ್ಣುನೊಣಗಳಿಗೆ ಮಸ್ಟರ್ಡ್ ಅನಿಲ ಸೋಕಿಸಿ ನೋಡಿದರು. ನೊಣಗಳ ಸಂತತಿಯಲ್ಲಿ ವಿಕೃತಿಗಳು ಕಾಣಿಸಿಕೊಂಡವು. ಯುದ್ಧದ ಗುಟ್ಟಾದ್ದರಿಂದ ವಿವರ ಹೊರಬಂದದ್ದು 1946ರಲ್ಲಿ.

ನೊಣದಲ್ಲಿ ಕಂಡದ್ದನ್ನು ಮನುಷ್ಯನಲ್ಲಿ ಕಾಣುವುದು ಹೇಗೆ? 1960ರ ಹೊತ್ತಿಗೆ ರಕ್ತದ ಬಿಳಿ ಕಣಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ತುಂಡಾದ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುವ ವಿಧಾನ ಬಂತು. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿದ ಮೇಲೆ ಬದುಕುಳಿದವರ ರಕ್ತದಲ್ಲಿಯೂ ಹೀಗೆ ಎಣಿಕೆ ನಡೆಯಿತು.

ಅದೇ 1984ರಲ್ಲಿ ಸ್ವೀಡನ್ನಿನ ಓಸ್ಟ್‌ಲಿಂಗ್ ಮತ್ತು ಯೋಹಾನ್ಸನ್ ಇನ್ನೊಂದು ದಾರಿ ತೋರಿದರು. 1988ರಲ್ಲಿ ನರೇಂದ್ರ ಪಿ. ಸಿಂಗ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಅದನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರು. ಇದರ ಹೆಸರು ಕಾಮೆಟ್ ಪರೀಕ್ಷೆ, ಎಂದರೆ ಧೂಮಕೇತು ಪರೀಕ್ಷೆ. ಒಂದು ಹನಿ ರಕ್ತ ಸಾಕು. ಅದರ ಬಿಳಿ ಕಣಗಳನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾದ ಲೋಳೆಯಲ್ಲಿ ಹುದುಗಿಸಿ, ಕಣದ ಪೊರೆಯನ್ನು ಕರಗಿಸಿ, ವಿದ್ಯುತ್ ಹಾಯಿಸುತ್ತಾರೆ. ಗಟ್ಟಿಯಾಗಿರುವ ಡಿಎನ್‌ಎ ಇದ್ದಲ್ಲೇ ಉಂಡೆಯಾಗಿ ನಿಲ್ಲುತ್ತದೆ. ಮುರಿದ ಎಳೆಗಳು ಧನಧ್ರುವದ ಕಡೆಗೆ ಸರಿಯುತ್ತವೆ. ಹೊಳೆಯುವ ಬಣ್ಣ ಹಚ್ಚಿ ನೋಡಿದರೆ ತಲೆ ಮತ್ತು ಬಾಲವಿರುವ ಧೂಮಕೇತು! ಬಾಲದಲ್ಲಿ ಡಿಎನ್‌ಎ ಹೆಚ್ಚಿದ್ದಷ್ಟೂ ಹಾನಿ ಹೆಚ್ಚು.

ಆದರೆ ಈ ಧೂಮಕೇತು ಎಲ್ಲವನ್ನೂ ಹೇಳುವುದಿಲ್ಲ. ಬೀಡಿ ಸೇದುವವನ ರಕ್ತದಲ್ಲೂ ಬಾಲ ಬೆಳೆಯಬಹುದು. ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಔಷಧಿ ಸೋಕದ ಅದೇ ವಯಸ್ಸಿನ, ಅದೇ ಬಗೆಯ ಬದುಕಿನ ಜನರ ರಕ್ತದೊಡನೆ ಹೋಲಿಸದೆ ಫಲಿತಾಂಶಕ್ಕೆ ಅರ್ಥವಿಲ್ಲ. ಇನ್ನೊಂದು ತೊಡಕು ಕಾಲದ್ದು. ಮುರಿದ ಎಳೆಗಳನ್ನು ಜೀವಕೋಶ ತಾನೇ ಬೆಸೆದುಕೊಳ್ಳುತ್ತದೆ. ಹಲವು ಗಾಯಗಳು ಗಂಟೆಗಳಲ್ಲೇ ಮಾಯುತ್ತವೆ. ವರ್ಣತಂತುವಿನ ಗಾಯ ಹೆಚ್ಚು ಕಾಲ ನಿಲ್ಲುತ್ತದಾದರೂ ಅದೂ ಶಾಶ್ವತ ಸಾಕ್ಷಿಯಲ್ಲ.

ಇದರ ಅರ್ಥ ತಿಳಿಯಲು ಗಡಿಯಾಚೆಯ ಕಾಸರಗೋಡನ್ನು ನೋಡಬೇಕು. ಅಲ್ಲಿ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಣೆ ಎರಡು ದಶಕಕ್ಕೂ ಹೆಚ್ಚು ಕಾಲ ನಡೆದು 2000ದಲ್ಲಿ ನಿಂತಿತು. ಕನ್ನಡಿಗರೂ ತುಳುವರೂ ಇರುವ ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆ ಊರಿನ ಕಾಯಿಲೆಗಳ ಬಗ್ಗೆ ಎಚ್ಚರಿಸುತ್ತಲೇ ಬಂದಿದ್ದರು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ತಂಡ ಬಂದು ರಕ್ತ ತೆಗೆದದ್ದು ಸಿಂಪಡಣೆ ನಿಂತ ಮೇಲೆ. 2003ರಲ್ಲಿ ಪ್ರಕಟವಾದ ಅದರ ವರದಿ, ವಿಷ ಸೋಕಿದ ಊರಿನ 117 ಹುಡುಗರನ್ನು ಸೋಕದ ಊರಿನ 90 ಹುಡುಗರೊಡನೆ ಹೋಲಿಸಿ, ಪ್ರಾಯಕ್ಕೆ ಬರುವುದು ತಡವಾಗಿದೆ ಎಂದು ತೋರಿಸಿತು. ಅದು ಡಿಎನ್‌ಎ ಪರೀಕ್ಷೆಯಲ್ಲ. ಆದರೂ ಹೋಲಿಕೆಯೇ ಅದರ ಬಲವಾಗಿತ್ತು. ಸಿಂಪಡಣೆ ನಡೆಯುತ್ತಿದ್ದ ವರ್ಷಗಳಲ್ಲಿ ಮೈಯೊಳಗೆ ಆದ ಗಾಯಗಳನ್ನು ಮಾತ್ರ ಈಗ ಯಾವ ಪ್ರಯೋಗಶಾಲೆಯೂ ಹಿಂದಕ್ಕೆ ಹೋಗಿ ಅಳೆಯಲಾರದು.

ಪರಿಹಾರದ ಮಾತು ಬಂದಾಗ ಈ ಕೊರತೆ ನೋಯಿಸುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಆದರೆ ಸಂತ್ರಸ್ತರು ಯಾರು ಎಂದು ಒಬ್ಬೊಬ್ಬರನ್ನೇ ಗುರುತಿಸಬೇಕಲ್ಲ! ಧೂಮಕೇತು ಪರೀಕ್ಷೆ ಹೇಳುವುದು ಒಂದು ಗುಂಪಿನ ಕಥೆಯನ್ನು. ನಿನ್ನ ಮಗುವಿನ ಕಾಯಿಲೆ ಇದರಿಂದಲೇ ಬಂತು ಎಂಬ ಚೀಟಿಯನ್ನು ಅದು ಬರೆದುಕೊಡುವುದಿಲ್ಲ. ಆ ಚೀಟಿ ತಾರದಿದ್ದರೆ ಹಾನಿಯೇ ಆಗಿಲ್ಲವೆನ್ನುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.

ಕೊಡಗಿನ ತೋಟಗಳಲ್ಲಿ ಇಂದಿಗೂ ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವವರಿದ್ದಾರೆ. ಹಂಗಾಮಿಗೆ ಬಂದು ಹೋಗುವ ಕೂಲಿಗಳೂ ಅವರಲ್ಲಿದ್ದಾರೆ. ಯಾರು, ಯಾವ ಔಷಧಿಯನ್ನು, ಎಷ್ಟು ದಿನ ಹೊಡೆದರು ಎಂದು ತೋಟದ ಪುಸ್ತಕದಲ್ಲಿ ಬರೆದಿಡುವುದಕ್ಕೆ ದೊಡ್ಡ ಖರ್ಚಿಲ್ಲ. ಹಂಗಾಮಿಗೆ ಮುಂಚೆ ಒಮ್ಮೆ, ಮುಗಿದ ಕೂಡಲೇ ಒಮ್ಮೆ ಅವರ ರಕ್ತ ಪರೀಕ್ಷೆಯಾದರೆ ಹೋಲಿಕೆಗೆ ಆಧಾರ ಸಿಗುತ್ತದೆ. ಪಡ್ರೆಯಲ್ಲಿ ಈ ಲೆಕ್ಕ ಹಿಡಿಯುವವರು ಬಂದದ್ದು ಹೆಲಿಕಾಪ್ಟರ್ ಹೋದ ಮೇಲೆ. ಇಲ್ಲಿಯಾದರೂ ಅವರು ಪಂಪು ಕೆಳಗಿಳಿಸುವ ಮೊದಲೇ ಬರಬೇಕು.