ಹರಣ, ಹುಯ್ಯಲು, ಒತ್ತೆ

ರಾವಣ ಸೀತೆಯನ್ನು ಹೊತ್ತೊಯ್ದದ್ದು ಸೀತಾಪಹರಣ. ಕೃಷ್ಣ ರುಕ್ಮಿಣಿಯನ್ನು ರಥಕ್ಕೆ ಹತ್ತಿಸಿಕೊಂಡು ಹೋದದ್ದೂ ಹರಣವೇ. ಸೀತೆ ದಾರಿಯಲ್ಲಿ ಒಡವೆಗಳನ್ನು ಕೆಳಗೆ ಹಾಕುತ್ತ ಮೊರೆಯಿಟ್ಟಳು. ರುಕ್ಮಿಣಿ ತಾನೇ ಬ್ರಾಹ್ಮಣನೊಬ್ಬನ ಮೂಲಕ ಸಂದೇಶ ಕಳುಹಿಸಿ ಕೃಷ್ಣನನ್ನು ಕರೆಸಿಕೊಂಡಳು. ಕಥೆ ಕೇಳುವವರಿಗೆ ಮೊದಲನೆಯದು ಘೋರ ಅನ್ಯಾಯ, ಎರಡನೆಯದು ಮಂಗಳಕಾರ್ಯ. ಇನ್ನು ಸುಭದ್ರಾಹರಣದ ಮಾತೇ ಬೇರೆ. ವ್ಯಾಸಭಾರತದಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟವನು ಅಣ್ಣ ಕೃಷ್ಣ. ಇಂದ್ರಪ್ರಸ್ಥಕ್ಕೆ ದೂತರನ್ನು ಅಟ್ಟಿ ಧರ್ಮರಾಯನ ಅನುಮತಿಯನ್ನೂ ತರಿಸಿದರು. ಸುಭದ್ರೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಮೂರಕ್ಕೂ ಒಂದೇ ಶಬ್ದ ಸಲ್ಲುವುದಕ್ಕೆ ಕಾರಣ ಧಾತುವಿನಲ್ಲಿದೆ. ಸಂಸ್ಕೃತದ 'ಹೃ' ಎಂದರೆ ಒಯ್ಯು, ತೆಗೆದುಕೊಳ್ಳು. ಆಹಾರ, ವಿಹಾರ, ಪರಿಹಾರ, ಸಂಹಾರಗಳೆಲ್ಲ ಇದರ ಮಕ್ಕಳೇ. 'ಅಪ' ಸೇರಿದಾಗ ದೂರಕ್ಕೆ ಒಯ್ಯುವ ಅರ್ಥವೂ ತಪ್ಪಿನ ಛಾಯೆಯೂ ಬರುತ್ತವೆ. ಆದರೆ ಒಯ್ದದ್ದು ಹಣವೋ ಸೀರೆಯೋ ಮನುಷ್ಯರೋ ಎಂಬ ಭೇದವನ್ನು ಈ ಪದ ಎಣಿಸುವುದಿಲ್ಲ. ದ್ರೌಪದಿಯದು ವಸ್ತ್ರಾಪಹರಣ, ಸೀತೆಯದು ಸೀತಾಪಹರಣ. ಒಯ್ದವನ ಕೆಲಸವನ್ನಷ್ಟೇ ಪದ ಹೇಳುತ್ತದೆ. ಒಯ್ಯಲ್ಪಟ್ಟವರ ಮನಸ್ಸನ್ನು ಹೇಳುವುದಿಲ್ಲ.

ಕನ್ನಡದ ವೀರಗಲ್ಲುಗಳಲ್ಲಿ ಬರುವ ಮಾತು ಇದಕ್ಕಿಂತ ಭಿನ್ನ. ಊರಿನ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋಗುವುದು ಅಲ್ಲಿ 'ತುರುಗೊಳ್'. ತುರು ಎಂದರೆ ಹಸು. ವಿರಾಟಪರ್ವದ ಗೋಗ್ರಹಣಕ್ಕೆ ಇದು ಅಚ್ಚಗನ್ನಡ ಹೆಸರು. ಹೆಣ್ಣುಮಕ್ಕಳ ಮೇಲೆ ಕೈಮಾಡಿದ ಸಂದರ್ಭಕ್ಕೆ ಬಳಸಿದ ಪದ 'ಪೆಣ್ಬುಯ್ಯಲ್'. ಪೆಣ್ ಎಂದರೆ ಹೆಣ್ಣು, ಪುಯ್ಯಲ್ ಎಂದರೆ ಆಪತ್ತಿನಲ್ಲಿ ಇಟ್ಟ ಕೂಗು. ಇಂದಿನ ಹುಯ್ಯಲು, ಹುಯಿಲು ಅದರ ರೂಪಗಳೇ. ದನದ ವಿಷಯದಲ್ಲಿ 'ಕೊಂಡರು' ಎಂಬ ಕ್ರಿಯೆ ಸಾಕಾಯಿತು. ಹೆಣ್ಣಿನ ವಿಷಯದಲ್ಲಿ ಕೃತ್ಯಕ್ಕೆ ಹೆಸರು ಬಂದದ್ದು ಅವಳ ಕೂಗಿನಿಂದ. ಆ ಕೂಗಿಗೆ ಓಗೊಟ್ಟು ಕಾದಿ ಸತ್ತವನಿಗೆ ಕಲ್ಲು ನಿಲ್ಲಿಸಿದರು. ಕೆಳಗೆ ಅವನ ಹೋರಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ವೀರನ ಹೆಸರು ಕಲ್ಲಿನ ಮೇಲೆ ಉಳಿಯಿತು. ಕೂಗಿದವಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಒತ್ತೆಯಾಳು ಎಂಬ ಪದದ ಕಥೆಯೂ ಸ್ವಾರಸ್ಯದ್ದು. ಒತ್ತೆ ಎಂದರೆ ಅಡವು. ಸಾಲಕ್ಕೆ ಒಡವೆ ಇಟ್ಟಂತೆ, ಮಾತಿಗೆ ಮನುಷ್ಯರನ್ನು ಇಡುವುದು. ಇಡುವವರು ಸ್ವಂತ ಜನರೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ತನ್ನ ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸನ ವಶಕ್ಕೆ ಒಪ್ಪಿಸಿದ್ದು ಈ ಮೂಲಾರ್ಥದ ಒತ್ತೆ. 1794ರಲ್ಲಿ ಅವರು ಮರಳಿದರು. 2000ದ ಜುಲೈ 30ರಂದು ಗಾಜನೂರಿನಿಂದ ವೀರಪ್ಪನ್ ಒಯ್ದ ರಾಜ್‌ಕುಮಾರ್ ಅವರನ್ನು 108 ದಿನ ನಾಡೆಲ್ಲ ಒತ್ತೆಯಾಳು ಎಂದಿತು. ಅವರನ್ನು ಯಾರೂ ಅಡವಿಟ್ಟಿರಲಿಲ್ಲ. ಬಲವಂತವಾಗಿ ಒಯ್ದವನೇ ಅಡವು ಹಿಡಿದವನೂ ಆದದ್ದು ಪದದ ಹೊಸ ಅರ್ಥ. ಸುಲಿಗೆಗೆ 'ಒತ್ತೆಹಣ' ಎನ್ನುವಾಗಲಂತೂ ಅದಕ್ಕೆ ವ್ಯವಹಾರದ ಮರ್ಯಾದೆಯೇ ಬಂದುಬಿಡುತ್ತದೆ.

ಇಂಗ್ಲಿಷಿನ 'ಕಿಡ್ನ್ಯಾಪ್' ಹುಟ್ಟಿದ್ದು 17ನೇ ಶತಮಾನದಲ್ಲಿ. ಕಿಡ್ ಎಂದರೆ ಮಗು, ನ್ಯಾಪ್ ಎಂದರೆ ಎಗರಿಸು. ಅಮೆರಿಕದ ವಸಾಹತುಗಳ ತೋಟಗಳಲ್ಲಿ ದುಡಿಸಲು ಮಕ್ಕಳನ್ನು ಕದ್ದು ಸಾಗಿಸುತ್ತಿದ್ದ ಕಾಲ ಅದು. 1860ರ ಭಾರತೀಯ ದಂಡಸಂಹಿತೆ ಈ ಪದವನ್ನೂ 'ಅಬ್ಡಕ್ಷನ್' ಎಂಬುದನ್ನೂ ಬೇರೆ ಮಾಡಿತು. ಅಪ್ರಾಪ್ತ ವಯಸ್ಕರನ್ನು ಪೋಷಕರ ಒಪ್ಪಿಗೆಯಿಲ್ಲದೆ ಒಯ್ದರೆ ಮೊದಲನೆಯದು. ಅಲ್ಲಿ ಮಗುವಿನ ಸಮ್ಮತಿಗೆ ಬೆಲೆಯಿಲ್ಲ. ಬಲದಿಂದಲೋ ಮೋಸದಿಂದಲೋ ಯಾರನ್ನಾದರೂ ಒಯ್ದರೆ ಎರಡನೆಯದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ಭೇದವನ್ನು ಉಳಿಸಿಕೊಂಡಿದೆ. ಕನ್ನಡ ಪತ್ರಿಕೆಗಳ ಶೀರ್ಷಿಕೆಯಲ್ಲಿ ಎರಡೂ 'ಅಪಹರಣ'ವೇ.

ಊರ ಬಾಯಿಗೆ ಮಾತ್ರ ಭೇದ ಗೊತ್ತು. 'ಎತ್ತಿಹಾಕಿಕೊಂಡು ಹೋದರು' ಎಂದರೆ ಬಲಾತ್ಕಾರ. 'ಹಾರಿಸಿಕೊಂಡು ಹೋದ' ಎನ್ನುವಲ್ಲಿ ಹುಡುಗಿಗೂ ಮನಸ್ಸಿತ್ತೇನೋ ಎಂಬ ಗುಮಾನಿ. 'ಓಡಿಹೋದರು' ಎಂದರೆ ಇಬ್ಬರೂ ಹೋದರು. ತಂದೆ ಠಾಣೆಯಲ್ಲಿ ಬರೆಸುವ ದೂರಿನಲ್ಲಿ ಇದೇ 'ಅಪಹರಿಸಿದ್ದಾನೆ' ಎಂದಾಗುತ್ತದೆ. ಮದ್ರಾಸಿನ ಇಂಥದೊಂದು ಮೊಕದ್ದಮೆ 1964ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಹದಿನೆಂಟಕ್ಕೆ ಕೆಲವೇ ವಾರ ಬಾಕಿಯಿದ್ದ ಹುಡುಗಿ ತಾನಾಗಿ ಮನೆ ಬಿಟ್ಟು ಬಂದಿದ್ದಳು. ಜೊತೆಗೆ ಹೋಗಲು ಬಿಡುವುದು ಬೇರೆ, ಒಯ್ಯುವುದು ಬೇರೆ ಎಂದು ನ್ಯಾಯಾಲಯ ಹೇಳಿ ಯುವಕನನ್ನು ಬಿಡುಗಡೆ ಮಾಡಿತು.

ಅದಕ್ಕೆ 15 ವರ್ಷ ಮೊದಲು ದೇಶದ ಶಾಸನಸಭೆ ಇನ್ನೊಂದು ದಾರಿ ಹಿಡಿದಿತ್ತು. ದೇಶವಿಭಜನೆಯ ಗಲಭೆಯಲ್ಲಿ ಎರಡೂ ಕಡೆ ಸಾವಿರಾರು ಹೆಂಗಸರನ್ನು ಹೊತ್ತೊಯ್ದಿದ್ದರು. ಅವರನ್ನು ಹುಡುಕಿ ಮರಳಿಸಲು 1949ರಲ್ಲಿ ಬಂದ ಕಾಯ್ದೆಯಲ್ಲಿ 'ಅಪಹೃತ ವ್ಯಕ್ತಿ'ಯ ವ್ಯಾಖ್ಯೆ ಹೀಗಿತ್ತು: 1947ರ ಮಾರ್ಚ್ 1ರ ನಂತರ ಕುಟುಂಬದಿಂದ ಅಗಲಿ, ಬೇರೆಯವರ ಜೊತೆ ಅಥವಾ ಅವರ ಹಿಡಿತದಲ್ಲಿ ಇರುವ ಮುಸ್ಲಿಂ ಹೆಣ್ಣು, ವಯಸ್ಸು ಎಷ್ಟೇ ಇರಲಿ, ಗಂಡಾದರೆ 16ರೊಳಗಿನವನು. ಆಕೆಯ ಸಮ್ಮತಿಯ ಮಾತೇ ಆ ವ್ಯಾಖ್ಯೆಯಲ್ಲಿರಲಿಲ್ಲ. ಎಷ್ಟೋ ಮಂದಿಗೆ ಅದು ನಿಜವಾದ ಬಿಡುಗಡೆ. ಆದರೆ ಹೊಸ ಮನೆಯಲ್ಲಿ ಮಕ್ಕಳಾಗಿ ನೆಲೆನಿಂತವರಲ್ಲಿ ಕೆಲವರು ಹೋಗಲೊಲ್ಲೆವೆಂದು ಗೋಳಿಟ್ಟರು. ಅವರನ್ನು ಶಿಬಿರಗಳಿಗೆ ಒಯ್ದ ಕ್ರಿಯೆಗೆ ಸರಕಾರಿ ಕಾಗದಗಳಲ್ಲಿದ್ದ ಹೆಸರು 'ರಿಕವರಿ', ಅಂದರೆ ವಸೂಲಿ. ಆ ಕಾಯ್ದೆ 1957ರವರೆಗೆ ನಡೆಯಿತು.