ಕಲ್ಲಿನ ಪುಟ, ಗೋಡೆಯ ಪುಟ

ಟಿ. ನರಸೀಪುರ ತಾಲೂಕಿನ ಸೋಸಲೆ ಎಂದೊಡನೆ ವ್ಯಾಸರಾಜ ಮಠ ನೆನಪಾಗುತ್ತದೆ. 'ನ್ಯಾಯಾಮೃತ' ಬರೆದ ವ್ಯಾಸತೀರ್ಥರ ಪರಂಪರೆಯದು. ಗ್ರಂಥಕ್ಕೆ ಮಣೆ ಹಾಕಿದ ಪರಂಪರೆ. ಅದೇ ತಾಲೂಕಿನ ಸೋಮನಾಥಪುರದಲ್ಲಿ ಇನ್ನೊಂದು ಬಗೆಯ ಗ್ರಂಥವಿದೆ. ಅದರ ಪುಟಗಳು ಕಲ್ಲಿನವು.

1258ರಲ್ಲಿ ಹೊಯ್ಸಳ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣ, ಭಾಗವತ, ಮಹಾಭಾರತದ ಪ್ರಸಂಗಗಳಿವೆ. ಪ್ರದಕ್ಷಿಣೆ ಹಾಕಿದಂತೆ ಕತೆ ಮುಂದುವರಿಯುತ್ತದೆ. ಇದನ್ನು ಬರವಣಿಗೆ ಎನ್ನಬಹುದೇ?

ಕತೆ ಮೊದಲೇ ಗೊತ್ತಿದ್ದವರಿಗೆ ಮಾತ್ರ ಶಿಲ್ಪ ಮಾತಾಡುತ್ತದೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ದೇವಾಲಯಕ್ಕೆ ಬಿಟ್ಟ ದತ್ತಿಯ ವಿವರವನ್ನು ಶಿಲ್ಪಕ್ಕೆ ವಹಿಸದೆ ಶಾಸನದಲ್ಲಿ ಅಕ್ಷರಗಳಲ್ಲೇ ಕೊರೆಸಿದರು. ಆದರೆ ಅಕ್ಷರವೂ ಕಲಿತವರಿಗೆ ಮಾತ್ರ ತಾನೇ ಮಾತಾಡುವುದು? ಉರ್ದು ಬಾರದ ನನ್ನ ಗೆಳೆಯರಿಗೆ ನನ್ನ ಶಾಲೆಯ ಪುಸ್ತಕ ಬರೀ ಗೆರೆಗಳ ಚಿತ್ತಾರವಾಗಿತ್ತು.

ಕಾವೇರಿಯ ಮೇಲ್ದಂಡೆಯ ಶ್ರೀರಂಗಪಟ್ಟಣಕ್ಕೆ ಬನ್ನಿ. ಟಿಪ್ಪು ಸುಲ್ತಾನರು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧವಿದೆ. ಸುತ್ತುವರಿದ ಇಂಗ್ಲಿಷ್ ಪಡೆ, ಸಿಡಿಯುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿ. ಮೈಸೂರು ತನ್ನ ಗೆಲುವನ್ನು ತಾನೇ ಬರೆದುಕೊಂಡ ಪುಟವಿದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಚಿತ್ರಗಳನ್ನು ದುರಸ್ತಿ ಮಾಡಿಸಿದ. 19ನೇ ಶತಮಾನದ ನಡುವಿನಲ್ಲಿ ಡಾಲ್‌ಹೌಸಿ ಮತ್ತೊಮ್ಮೆ ಬರೆಸಿದ. ಅಂದರೆ ಸೋತವರ ಕೈಗೆ ಸಿಕ್ಕ ಗೆಲುವಿನ ಹಸ್ತಪ್ರತಿಯನ್ನು ನಾವಿಂದು ನೋಡುತ್ತಿದ್ದೇವೆ.

ಟಿಪ್ಪುವಿನ ಮರದ ಹುಲಿಯಲ್ಲಿ ರೂಪದ ಜೊತೆ ಸದ್ದೂ ಸೇರಿತ್ತು. ಹಿಡಿಕೆ ತಿರುಗಿಸಿದರೆ ಹುಲಿಯ ಗರ್ಜನೆ, ಅದರಡಿ ಬಿದ್ದ ಐರೋಪ್ಯನ ನರಳಾಟ. ಈಗದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ರೂಪ, ಸದ್ದು, ಅಕ್ಷರ ಮೂರೂ ಇಂದು ಮೊಬೈಲಿನ ವಿಡಿಯೋದಲ್ಲಿ ಒಂದಾಗಿವೆ. ಅದನ್ನೂ ಬರವಣಿಗೆ ಎಂದು ಒಪ್ಪುವುದೇ ಲೇಸು. ಏಕೆಂದರೆ ಬರಹವನ್ನು ನಾವು ಪ್ರಶ್ನಿಸುತ್ತೇವೆ. ಚಿತ್ರವನ್ನು ಮಾತ್ರ 'ಕಣ್ಣಾರೆ ಕಂಡೆ' ಎಂದು ನಂಬಿಬಿಡುತ್ತೇವೆ. ಎಲ್ಲಿಯದೋ ಹಳೆಯ ದೃಶ್ಯಕ್ಕೆ ಹೊಸ ಮಾತು ಅಂಟಿಸಿ, ಅಕ್ಕಪಕ್ಕದ ಮನೆಯವರನ್ನು ಶತ್ರುಗಳಾಗಿಸುವ ಕಾಲವಿದು. ಬರೆದವರಾರು? ಯಾವಾಗ? ಬಿಟ್ಟದ್ದೇನು? ಯಾರು ತಿದ್ದಿದರು? ಚಿತ್ರವನ್ನೂ ಹೀಗೆ ಕೇಳಬೇಕು.

ಸೋಮನಾಥಪುರದ ಶಿಲ್ಪಿ ಮಲ್ಲಿತಮ್ಮ ತಾನು ಕೆತ್ತಿದ ಮೂರ್ತಿಗಳ ಕೆಳಗೆ ಕನ್ನಡದಲ್ಲಿ ತನ್ನ ಹೆಸರು ಕೊರೆದ. ಬರೆದದ್ದಕ್ಕೆ ತಾನು ಹೊಣೆ ಎಂದ. ನಮ್ಮ ಕೈಗೆ ಬರುವ ದೃಶ್ಯಗಳ ಕೆಳಗೆ ಆ ಹೆಸರಿದೆಯೇ?